ಬ್ಲಾಗಿನಲ್ಲಿ ಸಿಕ್ಕ ಹೊಸ ಬ್ಯಾಂಡಿನ ರೆಕಾರ್ಡ್ ಈಗಲೇ ತಗೊಳ್ಳಲಾ, ಕಾಯಲಾ? ಅನುಭವ ಇದ್ದವರು ಹೇಳಿ

ಸಂಜೆರಾಗ
ಗ್ಲಾಸ್ಗೋದ ನಾಲ್ಕು ಜನರ ಗಿಟಾರ್ ಪಾಪ್ ಬ್ಯಾಂಡು. ಅಲ್ಲಿನದೇ ಒಂದು ಸಣ್ಣ ಬ್ಲಾಗಿನಲ್ಲಿ ಇವರ ಬಗ್ಗೆ ಓದಿದೆ. ಇದುವರೆಗೆ ಬಂದಿರುವುದು ಒಂದೇ ಇಪಿ, ಅಂದರೆ ಕೆಲವೇ ಹಾಡುಗಳ ಸಣ್ಣ ಬಿಡುಗಡೆ. ಎರಡನೇ ಹಾಡಿನ ಕೊನೆಗೆ ಡ್ರಮ್ಸ್ ನಿಂತು ಬರೀ ಎರಡು ದನಿ ಉಳಿಯುತ್ತದೆ. ಅದನ್ನು ಕೇಳಿದಾಗಿನಿಂದ ಬೇರೆ ಏನು ಹಾಕಿದರೂ ರುಚಿಸುತ್ತಿಲ್ಲ. ಈಗ 10 ಇಂಚಿನ ರೆಕಾರ್ಡ್ ತರುತ್ತಿದ್ದಾರೆ, 300 ಪ್ರತಿ ಮಾತ್ರ. ಬೆಲೆ 16 ಪೌಂಡ್, ಮೈಸೂರಿಗೆ ಕಳಿಸಲು ಇನ್ನೊಂದು 19. ಈಗಲೇ ಬುಕ್ ಮಾಡಲಾ, ಪೂರ್ತಿ ಆಲ್ಬಮ್ ಬರುವವರೆಗೆ ಕಾಯಲಾ? ಬ್ಲಾಗಿನವರ ಮಾತು ನಂಬಿ ದುಡ್ಡು ಹಾಕಿದವರು ದಯವಿಟ್ಟು ಹೇಳಿ. ಬ್ಯಾಂಡಿನ ಹೆಸರು ಸದ್ಯಕ್ಕೆ ಹೇಳುವುದಿಲ್ಲ, ಬೇಜಾರು ಮಾಡ್ಕೋಬೇಡಿ.

ಹಳೇ ವಾಕ್‌ಮನ್
ತಗೊಳ್ಳಿ. ಯೋಚನೆಯೇ ಬೇಡ. 2005ರಲ್ಲಿ ನಾನು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಆನ್‌ಸೈಟ್ ಇದ್ದೆ. ಬೆಳಗ್ಗೆ ಆಫೀಸಿಗೆ ಹೋದ ತಕ್ಷಣ ಫ್ಲಕ್ಸ್‌ಬ್ಲಾಗ್, ಸ್ಟೀರಿಯೋಗಮ್ ಅನ್ನುವ ಸಂಗೀತ ಬ್ಲಾಗುಗಳನ್ನು ತೆರೆಯುವುದು, ಆಮೇಲೆ ಕೆಲಸ. ಹಾಗೆ ಸಿಕ್ಕಿದ್ದು ಕ್ಲ್ಯಾಪ್ ಯುವರ್ ಹ್ಯಾಂಡ್ಸ್ ಸೇ ಯೆ ಅನ್ನುವ ಬ್ಯಾಂಡು. ಲೇಬಲ್ (ರೆಕಾರ್ಡ್ ಕಂಪನಿ) ಇಲ್ಲ, ಪ್ರಚಾರ ಇಲ್ಲ. ಸಿಡಿ ಅವರೇ ಮಾಡಿಸಿ ಅವರೇ ಅಂಚೆಗೆ ಹಾಕುತ್ತಿದ್ದರು. ನನಗೆ ಬಂದ ಕವರಿನ ಮೇಲೆ ನೀಲಿ ಪೆನ್ನಿನಲ್ಲಿ ವಿಳಾಸ ಬರೆದಿತ್ತು, ನನ್ನ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಆ ಕವರು ಇವತ್ತಿಗೂ ಸಿಡಿ ಜೊತೆಗೇ ಇದೆ.

ಜೂನ್‌ನಲ್ಲಿ ಸಂಗೀತ ವಿಮರ್ಶೆಯ ತಾಣ ಪಿಚ್‌ಫೋರ್ಕ್ ಅವರ ಆಲ್ಬಮ್‌ಗೆ ಹತ್ತಕ್ಕೆ 9.0 ಕೊಟ್ಟಿತು. ಅಲ್ಲಿಂದ ಕೇಳಲೇಬೇಡಿ. ಡೇವಿಡ್ ಬೋವೀ, ಡೇವಿಡ್ ಬರ್ನ್‌ರಂಥ ದೊಡ್ಡ ಗಾಯಕರೇ ಈ ಬ್ಯಾಂಡಿನ ಶೋಗೆ ಬಂದು ನಿಂತರು. ನಾನು ನ್ಯೂಯಾರ್ಕಿಗೆ ಹೋಗಿ ನೋಡಿದ್ದು ಆ ಗಲಾಟೆ ಏರುತ್ತಿದ್ದಾಗಲೇ. ಟಿಕೆಟ್ ಅಗ್ಗ, ಆದರೆ ವಾಪಸ್ ಕೊನೇ ರೈಲು ತಪ್ಪಿತು. ಬೆಳಗಿನ ತನಕ ಪೆನ್ ಸ್ಟೇಷನ್‌ನಲ್ಲಿ ಕೂತು ನೇರ ಆಫೀಸಿಗೆ ಹೋದೆ. ರೂಮ್‌ಮೇಟ್‌ಗೆ ಬ್ಯಾಂಡಿನ ಗಾಯಕ ಆಲೆಕ್ ಔನ್ಸ್‌ವರ್ತ್ ದನಿ ಕಂಡರೆ ಆಗುತ್ತಿರಲಿಲ್ಲ, 'ಅಳ್ತಾನಲ್ಲೋ ಇವನು' ಅಂತ ಆಫ್ ಮಾಡುತ್ತಿದ್ದ. 2007ರಲ್ಲಿ ಎರಡನೇ ಆಲ್ಬಮ್ ಬಂದಾಗ ಹೊಗಳಿದ್ದವರೇ ಮೂಗು ಮುರಿದರು. ಮುಂದೆ ಒಬ್ಬೊಬ್ಬರಾಗಿ ಬಿಟ್ಟು ಹೋದರು, ಹೆಸರು ಔನ್ಸ್‌ವರ್ತ್ ಒಬ್ಬರ ಬಳಿ ಉಳಿಯಿತು. ಅದು ಈಗಲೂ ನೋವು. ಆದರೆ ಮೊದಲ ಸಿಡಿ ನನ್ನ ಹತ್ತಿರ ಇದೆ.

ಜಯನಗರ ಟರ್ನ್‌ಟೇಬಲ್
ಹಳೇ ವಾಕ್‌ಮನ್ ಸರ್, ನೀವು ಅಮೆರಿಕದಲ್ಲಿ ಕೂತು ತರಿಸಿದ್ದು. ಇಲ್ಲಿಗೆ ತರಿಸುವ ಕಥೆಯೇ ಬೇರೆ. 2023ರಲ್ಲಿ ಹೀಗೇ ಒಂದು ಬ್ಲಾಗ್ ನೋಡಿ ಅಮೆರಿಕದ ಒಂದು ಹುಡುಗರ ಬ್ಯಾಂಡಿನ ಎಲ್‌ಪಿ (ಪೂರ್ತಿ ಆಲ್ಬಮ್ಮಿನ ರೆಕಾರ್ಡ್) ತರಿಸಿದೆ. ಲೆಕ್ಕ ಪೂರ್ತಿ ಹಾಕುತ್ತೇನೆ.

ರೆಕಾರ್ಡ್ 26 ಡಾಲರ್, ಸಾಗಣೆ 34 ಡಾಲರ್. ಒಟ್ಟು ಸುಮಾರು 4,980 ರೂಪಾಯಿ. ಅದರ ಮೇಲೆ ಸುಂಕ. ಮೂಲ ಸುಂಕ 35%, ಆ ಸುಂಕದ ಮೇಲೆ 10% ಸರ್‌ಚಾರ್ಜ್, ಇದೆಲ್ಲ ಕೂಡಿದ ಮೊತ್ತದ ಮೇಲೆ 28% ಐಜಿಎಸ್‌ಟಿ (ಆಮದಿಗೆ ಬೀಳುವ ಜಿಎಸ್‌ಟಿ). ಆಗಿನ ಲೆಕ್ಕದಲ್ಲಿ 77.28% ಆಯಿತು. ಗಮನಿಸಿ, ಸುಂಕ ರೆಕಾರ್ಡಿಗೆ ಮಾತ್ರ ಅಲ್ಲ, ಸಾಗಣೆ ವೆಚ್ಚಕ್ಕೂ ಬೀಳುತ್ತದೆ. 3,848 ರೂಪಾಯಿ. ಕೊರಿಯರ್‌ನವರ ಕ್ಲಿಯರೆನ್ಸ್ ಚಾರ್ಜ್ 750, ಅದಕ್ಕೆ ಜಿಎಸ್‌ಟಿ 135. ಎಲ್ಲಾ ಸೇರಿ 9,713. ಆಧಾರ್ ಪ್ರತಿ ಅಪ್‌ಲೋಡ್ ಮಾಡಿ ಅಂತ ಮೆಸೇಜ್ ಮೇಲೆ ಮೆಸೇಜ್, ಮಾಡಿದರೆ 'ಅಸ್ಪಷ್ಟವಾಗಿದೆ' ಅಂತ ವಾಪಸ್. ಕೊನೆಗೆ ಡಬ್ಬ ಬಂತು. ಒಂದು ಮೂಲೆ ಜಜ್ಜಿತ್ತು. ರೆಕಾರ್ಡನ್ನು ಟರ್ನ್‌ಟೇಬಲ್ ಮೇಲಿಟ್ಟರೆ ಅಂಚು ಮೇಲೆದ್ದು ಇಳಿಯುತ್ತಿದೆ, ಸೂಜಿ ಹಾರುತ್ತಿದೆ. ಬಿ ಸೈಡಿನ ಮೊದಲ ಹಾಡು ಇವತ್ತಿನವರೆಗೆ ರೆಕಾರ್ಡಿನಲ್ಲಿ ಪೂರ್ತಿ ಕೇಳಿಲ್ಲ.

ವರ್ಷ ತುಂಬುವ ಮೊದಲೇ ಎರಡನೇ ಮುದ್ರಣ ಬೆಂಗಳೂರಿನ ಅಂಗಡಿಯಲ್ಲೇ 3,200ಕ್ಕೆ ಬಂತು. 'ಲಿಮಿಟೆಡ್' ಅನ್ನುವ ಮಾತು ಯಾರು ಹೇಳಿದರೂ ನಂಬಬೇಡಿ.

ಹಾಸನದ ಡ್ರಮ್ಮರ್
ಎಲ್ಲರೂ ಕೊಂಡವರ ಕಷ್ಟ ಹೇಳುತ್ತಿದ್ದೀರಿ. ಹಾಡಿದವರ ಕಷ್ಟ ಕೇಳಿ. ನಮ್ಮದು ಮೂರು ಜನರ ಬ್ಯಾಂಡು, ಕನ್ನಡ ಪಾಪ್. ಬೆಂಗಳೂರಿನ ಸ್ಟುಡಿಯೋದಲ್ಲಿ ಗಂಟೆಗೆ 1,200. ಮಿಕ್ಸಿಂಗ್ 15,000, ಮಾಸ್ಟರಿಂಗ್ 4,000. ಆಮೇಲೆ ಬ್ಲಾಗುಗಳಿಗೆ ಹಾಡು ಕಳಿಸುವ ಒಂದು ತಾಣ. ಒಬ್ಬೊಬ್ಬರಿಗೆ ಕಳಿಸಲೂ ಒಂದೋ ಎರಡೋ ಡಾಲರ್. ಬಂದ ಉತ್ತರ ನೋಡಿ: 'ಗಿಟಾರ್ ಚೆನ್ನಾಗಿದೆ, ನಮ್ಮ ಓದುಗರಿಗೆ ಹೊಂದುವುದಿಲ್ಲ.' ಇನ್ನೊಬ್ಬ: 'ಇಂಗ್ಲಿಷ್‌ನಲ್ಲಿ ಇದ್ದರೆ ಕಳಿಸಿ.' ಮತ್ತೊಬ್ಬ 80 ಡಾಲರ್ ಕೊಟ್ಟರೆ ಬರೆಯುತ್ತೇನೆ ಅಂದ! ಹೊಗಳಿ ಬರೆಯಲು ದರಪಟ್ಟಿ. ಸಂಜೆರಾಗ ಅವರೇ, ನೀವು ಓದಿದ ಬರಹಕ್ಕೆ ಯಾರು ದುಡ್ಡು ಕೊಟ್ಟಿದ್ದರು, ವಿಚಾರಿಸಿದ್ದೀರಾ?

ದುಡ್ಡಿಲ್ಲದೆ ಬರೆದವರೂ ಕಮ್ಮಿ ಏನಲ್ಲ. ಬ್ಲ್ಯಾಕ್ ಕಿಡ್ಸ್ ಬ್ಯಾಂಡು ನೆನಪಿದೆಯಾ? ಫ್ಲೋರಿಡಾದ ಜ್ಯಾಕ್ಸನ್‌ವಿಲ್‌ನವರು. 2007ರಲ್ಲಿ ನಾಲ್ಕು ಹಾಡು ಮೈಸ್ಪೇಸ್ ಅನ್ನುವ ಜಾಲತಾಣದಲ್ಲಿ ಪುಕ್ಕಟೆ ಬಿಟ್ಟರು. ಬ್ಲಾಗುಗಳೆಲ್ಲ ತಲೆ ಮೇಲೆ ಹೊತ್ತು ಕುಣಿದವು, ಪಿಚ್‌ಫೋರ್ಕ್ 8.4 ಕೊಟ್ಟಿತು. ಮರುವರ್ಷ ನಿರ್ಮಾಪಕ ಬರ್ನಾರ್ಡ್ ಬಟ್ಲರ್ ಕೈಯಲ್ಲಿ ಆಲ್ಬಮ್ ಮಾಡಿಸಿ ತಂದರು. ಅದೇ ಪಿಚ್‌ಫೋರ್ಕ್ 3.3 ಕೊಟ್ಟು, ವಿಮರ್ಶೆ ಬರೆಯುವ ಬದಲು ಎರಡು ಪಗ್ ನಾಯಿಗಳ ಫೋಟೋ ಹಾಕಿ 'ಸಾರಿ' ಅಂದಿತು. ಆ ಹುಡುಗರು ಎರಡನೇ ಆಲ್ಬಮ್ ತಂದದ್ದು 2017ರಲ್ಲಿ. ಒಂಬತ್ತು ವರ್ಷ! ಎತ್ತಿದವರೇ ಎಸೆದರು.

ಹಳೇ ವಾಕ್‌ಮನ್
ಡ್ರಮ್ಮರ್ ಅವರೇ, ಪಿಚ್‌ಫೋರ್ಕ್ ಬ್ಲಾಗ್ ಅಲ್ಲ. ಅದು ಪತ್ರಿಕೆ. 2015ರಲ್ಲಿ ಕಾಂಡೇ ನಾಸ್ಟ್ ಅನ್ನುವ ಪ್ರಕಾಶನ ಕಂಪನಿ ಕೊಂಡಿತು, 2024ರ ಜನವರಿಯಲ್ಲಿ ತನ್ನದೇ ಪತ್ರಿಕೆ ಜಿಕ್ಯೂ ಜೊತೆ ಸೇರಿಸಿತು. ನಾನು ಹೇಳುತ್ತಿರುವುದು ಒಬ್ಬೊಬ್ಬರೇ ಕೂತು ನಡೆಸಿದ ಬ್ಲಾಗುಗಳ ಮಾತು. ಮ್ಯಾಥ್ಯೂ ಪರ್ಪೆಟುವಾ 2002ರಲ್ಲಿ ಫ್ಲಕ್ಸ್‌ಬ್ಲಾಗ್ ಶುರು ಮಾಡಿದಾಗ ಅದರಲ್ಲಿ ಏನು ಸಿಗುತ್ತಿತ್ತು? ಒಂದು ಹಾಡು, ಅದು ಯಾಕೆ ಹಿಡಿಸಿತು ಅಂತ ನಾಲ್ಕು ಸಾಲು. ಆಂಟನಿ ವೊಲೊಡ್ಕಿನ್ ಕಾಲೇಜಿನಲ್ಲಿದ್ದಾಗಲೇ, 2005ರಲ್ಲಿ, ಹೈಪ್ ಮಷೀನ್ ಕಟ್ಟಿ ಇಂಥ ಬ್ಲಾಗುಗಳನ್ನೆಲ್ಲ ಒಂದೇ ಕಡೆ ಕೇಳುವ ಹಾಗೆ ಮಾಡಿದರು. ಅವರ ಮೇಲೆ ದರಪಟ್ಟಿಯ ಮಾತು ಹಾಕಬೇಡಿ.

ಹಾಸನದ ಡ್ರಮ್ಮರ್
ಒಂದು ಹಾಡು ಸಿಗುತ್ತಿತ್ತು ಅಂದಿರಲ್ಲ, ಆ ಹಾಡು ಯಾರದ್ದು ಸ್ವಾಮಿ? ಕೇಳದೆ ಎಂಪಿ3 ಹಾಕಿ ಊರಿಗೆಲ್ಲ ಹಂಚಿದರೆ ಅದು ಕಳ್ಳತನ. ನಿಮಗೆ ಅದು ಸವಿನೆನಪು. ಹಾಡಿದವನಿಗೆ ಬಾಡಿಗೆ ಕಟ್ಟಬೇಕಾದ ದುಡ್ಡು.

ಹಳೇ ವಾಕ್‌ಮನ್
ಎಲ್ಲರನ್ನೂ ಕಳ್ಳರು ಅನ್ನಬೇಡಿ, ನನಗೆ ನಿಜವಾಗಿ ಸಿಟ್ಟು ಬರುತ್ತಿದೆ. 2010ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಬ್ಲಾಗ್ ತಾಣವಾದ ಬ್ಲಾಗರ್‌ನಲ್ಲಿದ್ದ ಒಂದಷ್ಟು ಸಂಗೀತ ಬ್ಲಾಗುಗಳನ್ನು ಅಳಿಸಿ ಹಾಕಿತು. ವರ್ಷಗಟ್ಟಲೆ ಬರೆದದ್ದು ರಾತ್ರೋರಾತ್ರಿ ಹೋಯಿತು. ಅವರಲ್ಲಿ ಕೆಲವರು ಏನು ಹೇಳಿದರು ಗೊತ್ತಾ? ಲೇಬಲ್‌ನವರೇ, ಪ್ರಚಾರದವರೇ 'ಹಾಕಿ' ಅಂತ ಕಳಿಸಿದ ಹಾಡನ್ನೇ ಹಾಕಿದ್ದೆವು ಅಂದರು. ನಾನು ಆ ಬ್ಲಾಗುಗಳಲ್ಲಿ ಕೇಳಿದ ಮೇಲೆ ಕೊಂಡ ಸಿಡಿಗಳು ಒಂದು ಬೀರು ತುಂಬ ಇವೆ. ದುಡ್ಡು ಕೊಟ್ಟೇ ಕೊಂಡಿದ್ದು.

ಮಂಗಳೂರು ಮಳೆ
ನಿಮ್ಮಿಬ್ಬರ ಜಗಳದಲ್ಲಿ ಆ ಹುಡುಗಿಯ ಪ್ರಶ್ನೆಯೇ ಹೋಯಿತು ಮಾರಾಯ್ರೆ. ಅವಳು ಹುಡುಗಿಯೋ ಹುಡುಗನೋ, ಯಾರೇ ಆಗಲಿ, ನನ್ನ ಮಾತು ಇಷ್ಟೇ: ಡಿಜಿಟಲ್ ಕೊಳ್ಳಿ. ಬ್ಯಾಂಡುಗಳು ನೇರ ಹಾಡು ಮಾರುವ ತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಡಿಜಿಟಲ್‌ಗೆ ತಾಣದವರ ಪಾಲು 15%. 2020ರ ಮಾರ್ಚ್ 20ರಂದು, ಕೊರೋನಾ ಹೊತ್ತಿನಲ್ಲಿ, ಒಂದು ದಿನ ಆ ಪಾಲನ್ನೂ ಬಿಟ್ಟರು. ಆಮೇಲೆ ಅದೇ ಬ್ಯಾಂಡ್‌ಕ್ಯಾಂಪ್ ಫ್ರೈಡೇ ಆಯಿತು. ನಾನು ಪಟ್ಟಿ ಬರೆದಿಟ್ಟುಕೊಂಡು ಆ ಶುಕ್ರವಾರಗಳಿಗೇ ಕಾಯುತ್ತೇನೆ. ಸ್ಟ್ರೀಮಿಂಗ್ ಮಾಡಿದರೆ ಸಾಕು ಅನ್ನುವವರಿಗೆ ಒಂದು ಮಾತು: 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡನ್ನು ವರ್ಷದಲ್ಲಿ 1,000 ಸಲವಾದರೂ ಕೇಳದಿದ್ದರೆ ಆ ಹಾಡಿಗೆ ಏನೂ ಸಿಗುವುದಿಲ್ಲ. ನಾಲ್ಕು ಹಾಡಿನ ಬ್ಯಾಂಡಿಗೆ ಅದು ದೊಡ್ಡ ಗೋಡೆ.

ಇನ್ನೊಂದು ಹೇಳದೆ ಇರಲಾರೆ. ಗ್ಲಾಸ್ಗೋ ತನಕ ಯಾಕೆ? ಕೋಲ್ಕತ್ತದ ಪಾರೇಖ್ ಆ್ಯಂಡ್ ಸಿಂಗ್, ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ, ಇವರು ನನಗೆ ಸಿಕ್ಕಿದ್ದೂ ಬ್ಲಾಗುಗಳಿಂದಲೇ. 2019ರಲ್ಲಿ ಪೀಟರ್ ಕ್ಯಾಟ್‌ನ 'ಬಿಸ್ಮಿಲ್ಲಾ' ಆಲ್ಬಮ್ ಬಂತು. ಬೆಂಗಳೂರಿನ ಇಂದಿರಾನಗರದಲ್ಲಿ ಬ್ಯಾಂಡುಗಳು ಹಾಡುತ್ತಿದ್ದ ಹಮ್ಮಿಂಗ್ ಟ್ರೀ ಮುಚ್ಚಿದ್ದೂ ಅದೇ ವರ್ಷ. ಅಲ್ಲಿ ಹೊಸ ಬ್ಯಾಂಡುಗಳನ್ನು ನೋಡಲು ಮಂಗಳೂರಿನಿಂದ ರಾತ್ರಿ ಬಸ್ಸು ಹತ್ತುತ್ತಿದ್ದೆ. ಶಿರಾಡಿ ಘಾಟಿ ಮಳೆಗೆ ಬಂದ್ ಆದರೆ ಚಾರ್ಮಾಡಿ ಸುತ್ತಿ ಬರಬೇಕು. ಟಿಕೆಟ್‌ಗಿಂತ ಬಸ್ಸಿನ ಖರ್ಚೇ ಜಾಸ್ತಿ. ಆದರೂ ಆ ಸಣ್ಣ ಜಾಗದಲ್ಲಿ, ಹಾಡುವವರ ಶೂ ಲೇಸ್ ಬಿಚ್ಚಿದ್ದು ಕಾಣುವಷ್ಟು ಹತ್ತಿರ ನಿಂತು ಕೇಳಿದ್ದೇನಲ್ಲ, ಅದನ್ನು ಯಾವ ರೆಕಾರ್ಡೂ ಕೊಡುವುದಿಲ್ಲ.

ಜಯನಗರ ಟರ್ನ್‌ಟೇಬಲ್
ಕೋಲ್ಕತ್ತ, ದೆಹಲಿ ಎಲ್ಲ ಹೇಳಿದಿರಿ, ಅವರಿಬ್ಬರೂ ಹಾಡುವುದು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ. ಕನ್ನಡದವರ ಹೆಸರು ಒಂದೂ ಬರಲಿಲ್ಲ. ರಘು ದೀಕ್ಷಿತ್ 2008ರಲ್ಲೇ ಮೊದಲ ಆಲ್ಬಮ್ ತಂದರು.

ಮಂಗಳೂರು ಮಳೆ
ರಘು ದೀಕ್ಷಿತ್ ನನಗೂ ಪ್ರಾಣ. ಆದರೆ ಶರೀಫರ ತತ್ವಪದಕ್ಕೆ ಗಿಟಾರ್ ಕಟ್ಟಿದ್ದು ಫೋಕ್ ರಾಕ್. ಇಲ್ಲಿ ಮಾತು ಇಂಡೀ ಪಾಪ್‌ದು, ಅಂದರೆ ದೊಡ್ಡ ಕಂಪನಿ ಹಿಂದಿಲ್ಲದ ಪಾಪ್. ಎರಡನ್ನೂ ಒಂದೇ ಗೂಡಿಗೆ ಹಾಕಬೇಡಿ.

ಹಾಸನದ ಡ್ರಮ್ಮರ್
ಇದೇ ಗೂಡು ಲೆಕ್ಕದಲ್ಲೇ ನಮ್ಮ ಹಾಡನ್ನು ಎಲ್ಲರೂ ವಾಪಸ್ ಕಳಿಸಿದ್ದು. ಕನ್ನಡದಲ್ಲಿ ಹಾಡಿದ ತಕ್ಷಣ 'ಫೋಕ್' ಅಂತ ಚೀಟಿ ಅಂಟಿಸುತ್ತಾರೆ. ನಮ್ಮ ಹಾಡಿನಲ್ಲಿ ಡೊಳ್ಳೂ ಇಲ್ಲ, ಏಕತಾರಿಯೂ ಇಲ್ಲ. ಒಂದು ಸಿಂಥ್, ಒಂದು ಬೇಸ್, ನನ್ನ ಡ್ರಮ್ಸ್. ಬಸ್ ಸ್ಟ್ಯಾಂಡಿನಲ್ಲಿ ಕಾಯುವ ಹುಡುಗಿಯ ಹಾಡು. ಅದು ಪಾಪ್ ಅಲ್ಲದಿದ್ದರೆ ಇನ್ಯಾವುದು ಪಾಪ್ ಹೇಳಿ ಮೇಡಂ.

ಮಂಗಳೂರು ಮಳೆ
ನಿಮ್ಮ ಹಾಡು ಕೇಳದೆ ನಾನು ಏನೂ ಅಂದಿಲ್ಲ. ಲಿಂಕ್ ಹಾಕಿ, ಕೇಳುತ್ತೇನೆ. ಹಿಡಿಸಿದರೆ ಬರುವ ಶುಕ್ರವಾರವೇ ಕೊಳ್ಳುತ್ತೇನೆ.

ಸಂಜೆರಾಗ
ಎಲ್ಲರಿಗೂ ಥ್ಯಾಂಕ್ಸ್. ಡ್ರಮ್ಮರ್ ಸರ್, ಆ ಬ್ಲಾಗ್ ನಡೆಸುವವರು ಊರಿನ ಒಂದು ಲೈಬ್ರರಿಯಲ್ಲಿ ಕೆಲಸ ಮಾಡುತ್ತಾರೆ. ಜಾಹೀರಾತು ಇಲ್ಲ, ಬ್ಯಾಂಡನ್ನು ಮೊದಲು ಕೇಳಿದ ಪಬ್ಬಿನ ಬಗ್ಗೆಯೂ ಬರೆದಿದ್ದಾರೆ. ನನಗೆ ನಂಬಿಕೆ ಇದೆ. ಜಯನಗರ ಸರ್, ಗಿಫ್ಟ್ ಅಂತ ಬರೆಸಿ ಕಳಿಸಿದರೆ ಸುಂಕ ತಪ್ಪುತ್ತದಾ?

ಜಯನಗರ ಟರ್ನ್‌ಟೇಬಲ್
ಇಲ್ಲ. ಮೊದಲು 5,000 ರೂಪಾಯಿವರೆಗಿನ ಗಿಫ್ಟ್‌ಗೆ ವಿನಾಯಿತಿ ಇತ್ತು. 2019ರ ಡಿಸೆಂಬರ್‌ನಲ್ಲಿ ತೆಗೆದರು, ರಾಖಿ ಮತ್ತು ಜೀವ ಉಳಿಸುವ ಔಷಧಿ ಬಿಟ್ಟು. ಸುಳ್ಳು ಬರೆಸಿದರೆ ಅಲ್ಲೇ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಬ್ಯಾಂಡಿನವರಿಗೇ ಒಂದು ಮೇಲ್ ಹಾಕಿ: ರೆಕಾರ್ಡನ್ನು ಕವರಿನಿಂದ ಹೊರಗೆ ತೆಗೆದು ಬೇರೆ ಇಡಿ, ಎರಡೂ ಕಡೆ ದಪ್ಪ ರಟ್ಟು ಕೊಡಿ, ಬಿಲ್ ಹೊರಗೆ ಅಂಟಿಸಿ. ರೆಕಾರ್ಡನ್ನು ಕವರಿನ ಒಳಗಿಟ್ಟು ಕಳಿಸಿದರೆ ದಾರಿಯಲ್ಲಿ ಅದು ಕವರಿನ ಅಂಚನ್ನೇ ಸೀಳುತ್ತದೆ. ನನ್ನದಕ್ಕೆ ಅದೂ ಆಗಿತ್ತು, ಮೇಲೆ ಬರೆಯಲಿಲ್ಲ ಅಷ್ಟೇ.

ಹಾಸನದ ಡ್ರಮ್ಮರ್
ಲೈಬ್ರರಿಯವರಾದರೆ ಸರಿ, ತಗೊಳ್ಳಿ. ಆದರೆ ಬ್ಯಾಂಡಿನ ಹೆಸರು ಹೇಳಿಬಿಡಿ. ನೀವು ಮುಚ್ಚಿಟ್ಟರೆ ಅವರಿಗೆ ಸ್ಪಾಟಿಫೈನ ಆ 1,000 ಕೇಳುವಿಕೆ ಎಲ್ಲಿಂದ ಬರುತ್ತದೆ?

ಹಳೇ ವಾಕ್‌ಮನ್
ಅವರಿಗೆ ಹೇಳಬೇಕು ಅನ್ನಿಸಿದಾಗ ಹೇಳುತ್ತಾರೆ ಬಿಡಿ. ಎಲ್ಲರಿಗೂ ಗೊತ್ತಾಗುವ ಮೊದಲು ಸ್ವಲ್ಪ ದಿನ ಒಬ್ಬರೇ ಕೇಳುವ ಸುಖ ಇದೆಯಲ್ಲ, ಅದನ್ನು ಯಾಕೆ ಕಿತ್ತುಕೊಳ್ಳುತ್ತೀರಿ?

ಹಾಸನದ ಡ್ರಮ್ಮರ್
ಆ ಸುಖ ನಿಮ್ಮದು ಸರ್. ಸ್ಟುಡಿಯೋ ಬಿಲ್ ಅವರದ್ದು.