ರಾತ್‌ನ ಓಝಿ, ಫಿಟ್ಜ್‌ಜೆರಾಲ್ಡ್‌ನ ರುಡಾಲ್ಫ್: ಇಬ್ಬರದೂ ಬಂಡಾಯವೇ?

ಪ್ರಶ್ನೆ

ಫಿಲಿಪ್ ರಾತ್ ಅವರ ‘ದ ಕನ್ವರ್ಷನ್ ಆಫ್ ದ ಜ್ಯೂಸ್’ (1958) ಮತ್ತು ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ ಅವರ ‘ಅಬ್ಸಲ್ಯೂಷನ್’ (1924) ಕಥೆಗಳನ್ನು ಒಂದರ ಬೆನ್ನಿಗೊಂದು ಓದಿದೆ. ಆರು ದಿನಗಳಲ್ಲಿ ಜಗತ್ತನ್ನೇ ಸೃಷ್ಟಿಸಿದ ದೇವರಿಗೆ, ಗಂಡಿನ ಸಂಪರ್ಕವಿಲ್ಲದೆ ಏಸುವಿನ ಬಗ್ಗೆ ಕ್ರೈಸ್ತರು ನಂಬುವಂತೆ, ಹೆಣ್ಣಿಗೊಂದು ಮಗುವನ್ನು ಕೊಡುವುದು ಏಕೆ ಅಸಾಧ್ಯವೆಂದು 13 ವರ್ಷದ ಯಹೂದಿ ಹುಡುಗ ಓಝಿ ಫ್ರೀಡ್‌ಮನ್ ತನ್ನ ಧರ್ಮಗುರು ರಬ್ಬಿ ಬೈಂಡರ್‌ನನ್ನು ಕೇಳುತ್ತಾನೆ. ಕೊನೆಗೆ ಏಟು ತಿಂದು ಸಿನಗಾಗಿನ (ಯಹೂದಿ ಪ್ರಾರ್ಥನಾ ಮಂದಿರದ) ಛಾವಣಿ ಏರುತ್ತಾನೆ. 11 ವರ್ಷದ ಕ್ಯಾಥೊಲಿಕ್ ಹುಡುಗ ರುಡಾಲ್ಫ್ ಮಿಲ್ಲರ್ ಪಾದ್ರಿಯ ಮುಂದೆ ಪಾಪನಿವೇದನೆ ಮಾಡುವ ಹೊತ್ತಿನಲ್ಲೇ ತಾನು ಸುಳ್ಳು ಹೇಳುವವನಲ್ಲ ಎಂದುಬಿಟ್ಟು, ಆ ಸುಳ್ಳಿನ ಭಾರಕ್ಕೆ ತತ್ತರಿಸುತ್ತಾನೆ. ಧರ್ಮಾಧಿಕಾರದ ವಿರುದ್ಧದ ಬಂಡಾಯವೆಂದು ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಹುದೇ? ರುಡಾಲ್ಫ್‌ನಲ್ಲಿ ನನಗೆ ಭಯವೇ ಹೆಚ್ಚು ಕಾಣಿಸಿತು.

ಮೊದಲ ಉತ್ತರ

ದೊಡ್ಡವರು ಹೇಳಿಕೊಟ್ಟದ್ದನ್ನು ದೊಡ್ಡವರಿಗಿಂತ ಹೆಚ್ಚು ನಂಬಿದ ಹುಡುಗರ ಕಥೆಗಳೆಂದು ಓದಿದರೆ ಇವೆರಡೂ ಹತ್ತಿರವಾಗುತ್ತವೆ. ಓಝಿ ನಾಸ್ತಿಕನಲ್ಲ, ದೇವರು ಸರ್ವಶಕ್ತನೆಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡವನು. ಏಸು ಚರಿತ್ರೆಯಲ್ಲಿ ಬದುಕಿದ್ದ ಒಬ್ಬ ಮನುಷ್ಯ, ಅಷ್ಟೇ, ಎನ್ನುವ ಬೈಂಡರ್‌ನ ಉತ್ತರದಲ್ಲಿ ಸಮುದಾಯದ ಗಡಿ ಕಾಯುವ ಎಚ್ಚರವಿದೆ. ಹುಡುಗ ಕೇಳಿದ್ದಕ್ಕೆ ಉತ್ತರವಿಲ್ಲ. ರುಡಾಲ್ಫ್‌ನಾದರೂ ಪಾಪ ಹೊತ್ತುಕೊಂಡು ಪರಮಪ್ರಸಾದ ಸ್ವೀಕರಿಸಿದರೆ ಆತ್ಮಕ್ಕೆ ಉಳಿಗಾಲವಿಲ್ಲವೆಂದು ನಿಜಕ್ಕೂ ನಂಬಿದ್ದಾನೆ. ಆದ್ದರಿಂದಲೇ ಭಾನುವಾರ ಬೆಳಿಗ್ಗೆ ಒಂದು ಲೋಟ ನೀರು ಕುಡಿದು, ಪ್ರಸಾದಕ್ಕೆ ಮುನ್ನ ಇರಬೇಕಾದ ಉಪವಾಸ ಮುರಿದುಬಿಟ್ಟರೆ, ಪ್ರಸಾದ ಸ್ವೀಕರಿಸುವುದರಿಂದ ಪಾರಾಗಬಹುದೆಂದು ಲೆಕ್ಕ ಹಾಕುತ್ತಾನೆ. ನೀರು ಗಂಟಲಿಗಿಳಿಯುವ ಮೊದಲೇ ತಂದೆ ಬಂದು ನಿಲ್ಲುತ್ತಾನೆ. ಒಂದು ನಿಯಮದಿಂದ ತಪ್ಪಿಸಿಕೊಳ್ಳಲು ಇನ್ನೊಂದು ನಿಯಮದ ಮೊರೆಹೋಗುವ ಈ ಉಪಾಯ ನಂಬಿಕೆಯಿಲ್ಲದವನಿಗೆ ಹೊಳೆಯುವಂಥದ್ದಲ್ಲ. (ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವಿದು.)

ಮತ್ತೊಂದನ್ನೂ ಗಮನಿಸಿ: ಎರಡೂ ಕಥೆಗಳಲ್ಲಿ ಮೊದಲ ಏಟು ಬೀಳುವುದು ಮನೆಯಲ್ಲಿಯೇ. ಓಝಿಗೆ ಮೊದಲು ಹೊಡೆಯುವವಳು ತಾಯಿ; ಅಲ್ಲಿಯವರೆಗೆ ಒಮ್ಮೆಯೂ ಮಗನ ಮೇಲೆ ಕೈ ಮಾಡಿದವಳಲ್ಲ. ರಬ್ಬಿಯ ಕೈ ಬಹುಶಃ ಹುಡುಗನ ಬಾಯಿ ಮುಚ್ಚಿಸಲೆಂದೇ ಚಾಚಿದ್ದಿರಬಹುದು, ಆದರೆ ಓಝಿ ತಲೆ ತಗ್ಗಿಸಿದ್ದರಿಂದ ಅದು ಮೂಗಿಗೆ ಬಡಿದು ರಕ್ತ ಚಿಮ್ಮುತ್ತದೆ.

ಎರಡನೆಯ ಉತ್ತರ

ನಂಬಿಕೆಯ ಕುರಿತ ಮಾತನ್ನು ಒಪ್ಪುತ್ತೇನೆ. ಆದರೆ ಓಝಿಯ ಗೆಲುವನ್ನು ಇಷ್ಟು ಸುಲಭವಾಗಿ ಅವನ ಪಾಲಿಗೆ ಬರೆದುಕೊಡಲಾರೆ. ಕೆಳಗೆ ಅಗ್ನಿಶಾಮಕ ದಳದವರು ಬಲೆ ಹಿಡಿದು ನಿಂತಿರುವಾಗ, ಹಾರಿಬಿಡುತ್ತೇನೆಂಬ ಬೆದರಿಕೆಯಿಂದ ಅವನು ಎಲ್ಲರನ್ನೂ ಮೊಣಕಾಲೂರಿಸಿ, ಏಸುವಿನಲ್ಲಿ ತಮಗೆ ನಂಬಿಕೆಯಿದೆಯೆಂದು ಅವರ ಬಾಯಿಂದಲೇ ಹೇಳಿಸುತ್ತಾನೆ. ದೇವರ ವಿಷಯಕ್ಕಾಗಿ ಯಾರನ್ನೂ ಹೊಡೆಯಬಾರದೆಂಬ ಅವನ ಬೇಡಿಕೆ ನ್ಯಾಯವಾದದ್ದೇ. ಅದನ್ನು ಪಡೆದ ಬಗೆ ಮಾತ್ರ ರಬ್ಬಿಯದಕ್ಕಿಂತ ಹೆಚ್ಚೇನೂ ಭಿನ್ನವಲ್ಲ. ರಾತ್ ನಗಿಸುತ್ತಾ ಬರೆದಿರುವುದರಿಂದ ಈ ಬಲಾತ್ಕಾರ ಓದುಗನ ಕಣ್ಣಿಗೆ ತಕ್ಷಣ ಬೀಳುವುದಿಲ್ಲ.

‘ಅಬ್ಸಲ್ಯೂಷನ್’ನಲ್ಲಿ ಅಧಿಕಾರವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ಅದು ತಾನಾಗಿಯೇ ಕುಸಿಯುತ್ತದೆ. ಪಾಪದ ಭಯದಿಂದ ಬಳಿಗೆ ಬಂದ ಹುಡುಗನಿಗೆ ಫಾದರ್ ಶ್ವಾರ್ಟ್ಸ್ ಮನರಂಜನಾ ಉದ್ಯಾನದ ದೀಪಗಳ ಬಗ್ಗೆ ಮಾತನಾಡುತ್ತಾನೆ, ದೂರದಿಂದ ನೋಡು, ತೀರಾ ಹತ್ತಿರ ಹೋದರೆ ಬಿಸಿ, ಬೆವರು, ಬದುಕು ತಟ್ಟುತ್ತದೆ ಎನ್ನುತ್ತಾನೆ. ರುಡಾಲ್ಫ್ ಹೆದರಿ ಓಡುತ್ತಾನೆ, ನಿಜ. ಆದರೆ ದೇವರಿಗೆ ಸಂಬಂಧಿಸದ ಯಾವುದೋ ಅದ್ಭುತ ಎಲ್ಲೋ ಇದೆಯೆಂಬುದು ಅಷ್ಟರಲ್ಲಿ ಅವನ ಮನಸ್ಸಿಗೆ ಹೊಕ್ಕಿರುತ್ತದೆ. ಗೆದ್ದ ಓಝಿ ತನ್ನವರು ನೆರೆದ ಬೀದಿಗೇ ಹಾರಿ ಇಳಿಯುತ್ತಾನೆ. ಸೋತಂತೆ ಕಾಣುವ ರುಡಾಲ್ಫ್ ಒಳಗಿಂದೊಳಗೇ ಚರ್ಚನ್ನು ಬಿಟ್ಟಾಗಿದೆ. ನನ್ನ ಮಟ್ಟಿಗೆ ದೊಡ್ಡ ಬಂಡಾಯ ಎರಡನೆಯದೇ.

ಮೂರನೆಯ ಉತ್ತರ

ಈ ಜೋಡಿಯ ಪಕ್ಕದಲ್ಲಿ ಫ್ರಾಂಕ್ ಓಕಾನರ್ ಅವರ ‘ಫಸ್ಟ್ ಕನ್ಫೆಷನ್’ ಇರಿಸಿ ನೋಡಬಹುದು. ಅಜ್ಜಿಯನ್ನು ಕೊಲ್ಲಬೇಕೆಂದಿದ್ದೆ ಎಂದು 7 ವರ್ಷದ ಜಾಕಿ ಒಪ್ಪಿಕೊಂಡರೆ, ಪಾದ್ರಿ ಗದರುವುದಿಲ್ಲ. ವಿವರಗಳನ್ನು ಗಂಭೀರವಾಗಿ ಕೇಳಿಸಿಕೊಂಡು, ಸಣ್ಣ ಪ್ರಾಯಶ್ಚಿತ್ತ ವಿಧಿಸಿ, ಮಿಠಾಯಿ ಕೊಟ್ಟು ಕಳುಹಿಸುತ್ತಾನೆ. ಅಲ್ಲಿ ನರಕದ ಹೆದರಿಕೆ ಹುಟ್ಟಿಸುವವರು ಪಾಠ ಹೇಳುವ ಮುದುಕಿ ಮತ್ತು ಅಕ್ಕ ನೋರಾ. ಪೀಠದಲ್ಲಿದ್ದವನು ಕಿವಿಗೊಟ್ಟರೆ ಸಂಘರ್ಷವೇ ಕರಗಿಹೋಗುತ್ತದೆ, ಕಥೆಯೂ ಹಾಸ್ಯವಾಗುತ್ತದೆ.

ಇದಕ್ಕೆ ತೀರ ವಿರುದ್ಧದ ತುದಿಯಲ್ಲಿ ಅನಂತಮೂರ್ತಿಯವರ ‘ಘಟಶ್ರಾದ್ಧ’ವಿದೆ. ಅಲ್ಲಿ ಬಹಿಷ್ಕಾರದ ಪೆಟ್ಟು ಬೀಳುವುದು ವಿಧವೆ ಯಮುನೆಯ ಮೇಲೆ. ಅವಳನ್ನು ಹಚ್ಚಿಕೊಂಡ ಹುಡುಗ ಎಲ್ಲವನ್ನೂ ಕಾಣುತ್ತಾನೆ, ಏನನ್ನೂ ತಡೆಯಲಾರ. ಓಝಿಗೆ ಛಾವಣಿಯಿತ್ತು, ರುಡಾಲ್ಫ್‌ಗೆ ತನ್ನದೇ ಕಲ್ಪನಾಲೋಕವಿತ್ತು. ಈ ಹುಡುಗನಿಗೆ ಎರಡೂ ಇಲ್ಲದಿರುವುದರಿಂದ, ಅವನನ್ನು ಬಂಡಾಯಗಾರರ ಸಾಲಿಗೆ ಸೇರಿಸಲು ನಾನು ಹಿಂಜರಿಯುತ್ತೇನೆ.