ತಂಗಿಗೆ ಲೂಪಸ್, ಕಿಡ್ನಿಗೂ ತಗಲಿದೆ: ಸಂಬಂಧದೊಳಗಿನ ಮದುವೆಯೇ ಕಾರಣವೇ?

ಇಳಕಲ್ಲಿನ ಅಕ್ಕ

ನಾವು ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನವರು, ನೇಕಾರರು. ತಂಗಿಗೆ 23 ವರ್ಷ. ಯುಗಾದಿಯ ಹೊತ್ತಿಗೆ ಅವಳಿಗೆ ಕೀಲುನೋವು ಶುರುವಾಯಿತು. ಬಿಸಿಲಿಗೆ ಹೋಗಿ ಬಂದರೆ ಎರಡೂ ಕೆನ್ನೆ ಕೆಂಪಾಗುತ್ತಿದ್ದವು. ಬೇಸಿಗೆಯ ಧಗೆ ಎಂದುಕೊಂಡು ಸುಮ್ಮನಿದ್ದೆವು, ಅದು ನಮ್ಮ ತಪ್ಪು. ಒಂದು ಸಂಜೆ ಕುಣಿ ಮಗ್ಗದಿಂದ ಎದ್ದವಳು ಕಾಲ್ಗೆಜ್ಜೆ ಬಿಚ್ಚಲಾಗದೆ ಕುಳಿತಿದ್ದಳು. ಗೆಜ್ಜೆಯ ಒಂದೊಂದು ಕೊಂಡಿಯ ಗುರುತೂ ಚರ್ಮದಲ್ಲಿ ಮೂಡಿತ್ತು. ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಹಾಗೆಯೇ ಉಳಿಯುತ್ತಿತ್ತು. ಮೂತ್ರದಲ್ಲಿ ನೊರೆ. ಬೆಳಗಾವಿಯಲ್ಲಿ ಕಿಡ್ನಿಯ ಚೂರು ತೆಗೆದು ಬಯಾಪ್ಸಿ ಮಾಡಿ, ಲೂಪಸ್ ನೆಫ್ರೈಟಿಸ್, ಕ್ಲಾಸ್ 4 ಎಂದರು: ಮೈಯ ರೋಗನಿರೋಧಕ ಶಕ್ತಿಯೇ ಮೈಯ ಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆ, ಕಿಡ್ನಿಗೆ ತೀವ್ರವಾಗಿಯೇ ತಗಲಿದೆಯಂತೆ. ಸ್ಟಿರಾಯ್ಡ್, ಮೈಕೋಫಿನೊಲೇಟ್, ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆಗಳು ನಡೆದಿವೆ.

ಅವ್ವ ಮದುವೆಯಾದದ್ದು ತನ್ನ ಸೋದರಮಾವನನ್ನು. ನೆಂಟರೊಬ್ಬರು, "ರಕ್ತದೊಳಗೆ ರಕ್ತ ಕೂಡಿಸಿದ್ದಕ್ಕೇ ಹೀಗಾಯಿತು" ಎಂದು ಅವಳ ಎದುರಿಗೇ ಅಂದು ಹೋದರು. ಅಂದಿನಿಂದ ಅವ್ವ ಹೊಟ್ಟೆತುಂಬ ಉಂಡಿಲ್ಲ. ನನಗೂ 9 ವರ್ಷದ ಮಗಳಿದ್ದಾಳೆ. ಅವಳಿಗೂ ಬರುತ್ತದೆಯೇ? ಜೀನ್ ಪರೀಕ್ಷೆ ಮಾಡಿಸಲೇ? ಎಪಿಒಎಲ್1 ಎಂಬ ಜೀನ್‌ನಿಂದ ಕಿಡ್ನಿ ಬೇಗ ಹಾಳಾಗುತ್ತದೆ ಎಂದು ಓದಿದ ಮೇಲೆ ನಿದ್ದೆ ಹತ್ತುತ್ತಿಲ್ಲ.

ವಿಜಯಪುರದವಳು

ಅಕ್ಕಾ, ನನಗೆ ಲೂಪಸ್ ಆಗಿ 11 ವರ್ಷ. ನನ್ನ ತಂದೆ ತಾಯಿ ಸಂಬಂಧಿಕರೇ ಅಲ್ಲ. ಒಬ್ಬರದು ಸಿಂದಗಿ, ಇನ್ನೊಬ್ಬರದು ಸೊಲ್ಲಾಪುರ. ಮೂವರು ಅಕ್ಕತಂಗಿಯರಲ್ಲಿ ಬಂದದ್ದು ನನಗೊಬ್ಬಳಿಗೆ. ನಾನೂ ಮಗಳ ಕೆನ್ನೆಯನ್ನು ದಿನವೂ ದಿಟ್ಟಿಸಿ ನೋಡುತ್ತಿದ್ದೆ. "ಅವ್ವಾ, ನನ್ನ ಮುಖದಲ್ಲಿ ಏನು ಹುಡುಕುತ್ತೀಯ?" ಎಂದು ಅವಳು ಕೇಳಿದ ದಿನ ಬಿಟ್ಟುಬಿಟ್ಟೆ.

ಒಂದು ಮಾತು ಮಾತ್ರ ಕಿವಿಯ ಮೇಲೆ ಹಾಕಿಕೊಳ್ಳಿ: ಆರಾಮಾಯಿತು ಎಂದು ತಂಗಿ ಮಾತ್ರೆ ಬಿಡದಂತೆ ನೋಡಿಕೊಳ್ಳಿ. ನಾನು ಬಿಟ್ಟಿದ್ದೆ. ನಾಲ್ಕೇ ತಿಂಗಳಲ್ಲಿ ಮೂತ್ರದಲ್ಲಿ ಮತ್ತೆ ಪ್ರೋಟೀನ್ ಬಂತು.

ಮೂತ್ರಪಿಂಡ ವೈದ್ಯ, ಬೆಳಗಾವಿ

ಅಕ್ಕನವರೇ, ಮೊದಲು ನಿಮ್ಮ ತಾಯಿಯವರ ವಿಷಯ. ಲೂಪಸ್ ಬಹುತೇಕ ಒಂದೇ ಜೀನ್‌ನಿಂದ ಬರುವ ಕಾಯಿಲೆಯಲ್ಲ. ಅಪಾಯವನ್ನು ಚೂರುಚೂರೇ ಹೆಚ್ಚಿಸುವ ನೂರಕ್ಕೂ ಮಿಕ್ಕಿದ ಜಾಗಗಳು ನಮ್ಮ ವರ್ಣತಂತುಗಳಲ್ಲಿ ಪತ್ತೆಯಾಗಿವೆ: ಎಚ್‌ಎಲ್‌ಎ, ಐಆರ್‌ಎಫ್5, ಸ್ಟ್ಯಾಟ್4 ಮುಂತಾದ ಜೀನ್‌ಗಳಿರುವ ಜಾಗಗಳು. ಸ್ಟ್ಯಾಟ್4ರ ಒಂದು ರೂಪ ಮೂತ್ರಪಿಂಡಕ್ಕೆ ತಗಲಿದವರಲ್ಲಿ ಹೆಚ್ಚು ಕಾಣುತ್ತದೆ. ಆದರೆ ಇವೆಲ್ಲ ಜೀವನವಿಡೀ ಆರೋಗ್ಯವಾಗಿರುವವರಲ್ಲೂ ಇರುತ್ತವೆ. 1992ರಲ್ಲಿ ಅಮೆರಿಕದಲ್ಲಿ ಅವಳಿಗಳನ್ನು ಪರಿಶೀಲಿಸಿದಾಗ, ಒಂದೇ ಅಚ್ಚಿನ ಅವಳಿಗಳಲ್ಲಿ ಇಬ್ಬರಿಗೂ ಲೂಪಸ್ ಇದ್ದದ್ದು ನೂರಕ್ಕೆ 24 ಜೋಡಿಗಳಲ್ಲಿ. ಬೇರೆ ಅಚ್ಚಿನವರಲ್ಲಿ ಬರೀ 2. ಜೀನ್‌ಗಳೆಲ್ಲ ಒಂದೇ ಆಗಿದ್ದರೂ ಮುಕ್ಕಾಲು ಪಾಲು ಜೋಡಿಗಳಲ್ಲಿ ಇನ್ನೊಬ್ಬರಿಗೆ ಬರಲಿಲ್ಲ.

ಸಂಬಂಧದೊಳಗಿನ ಮದುವೆ ಲೆಕ್ಕಕ್ಕೆ ಬರುವ ಸಂದರ್ಭವೂ ಒಂದಿದೆ, ಮುಚ್ಚಿಡುವುದಿಲ್ಲ. ಸತ್ತ ಜೀವಕೋಶಗಳ ಕಸ ತೆಗೆಯಲು ನೆರವಾಗುವ ಸಿ1ಕ್ಯೂ ಎಂಬ ಪ್ರೋಟೀನ್ ಇದೆ. ತಂದೆ, ತಾಯಿ ಇಬ್ಬರಿಂದಲೂ ಅದರ ಕೆಟ್ಟ ಪ್ರತಿಯೇ ಬಂದರೆ, ಅಂಥವರಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ಲೂಪಸ್ ಬರುತ್ತದೆ. ಆದರೆ ಅದು ತೀರ ವಿರಳ, ಸಾಮಾನ್ಯವಾಗಿ ಬಾಲ್ಯದಲ್ಲೇ ತಲೆದೋರುತ್ತದೆ. 23ರಲ್ಲಿ ಶುರುವಾದ, ಮನೆಯಲ್ಲಿ ಬೇರೆ ಯಾರಿಗೂ ಇಲ್ಲದ ಕಾಯಿಲೆಯನ್ನು ನಿಮ್ಮ ತಾಯಿಯವರ ಮದುವೆಯ ತಲೆಗೆ ಕಟ್ಟಲು ಆಧಾರವಿಲ್ಲ. ಆ ನೆಂಟರು ಆಡಬಾರದ ಮಾತು ಆಡಿದ್ದಾರೆ.

ಜೀನ್ ಪರೀಕ್ಷೆ ಕೆಲಸಕ್ಕೆ ಬರುವುದು ಎಳೆಯ ವಯಸ್ಸಿನಲ್ಲೇ ತೀವ್ರವಾಗಿ ಬಂದ ಲೂಪಸ್‌ನಲ್ಲಿ. 2022ರಲ್ಲಿ ಸ್ಪೇನ್‌ನ ಹುಡುಗಿಯೊಬ್ಬಳಲ್ಲಿ ಟಿಎಲ್‌ಆರ್7 ಜೀನ್‌ನ ಒಂದೇ ಬದಲಾವಣೆ ಕಾರಣವೆಂದು ತೋರಿಸಿದರು. ಅವಳಿಗೆ ಕಾಯಿಲೆ ಗುರುತಾದದ್ದು 7ನೇ ವಯಸ್ಸಿನಲ್ಲಿ. ಆ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ, ಹೆಂಗಸರಲ್ಲಿ ಅದು ಎರಡು. ಲೂಪಸ್ ಬಂದ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರೇ ಆಗಿರಲು ಅದೂ ಒಂದು ಕಾರಣವಿರಬಹುದು. ಎಪಿಒಎಲ್1ರ ಆ ರೂಪಗಳು ಪಶ್ಚಿಮ ಆಫ್ರಿಕಾ ಮೂಲದವರಲ್ಲಿ ಕಾಣುವಂಥವು. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ನಿಮ್ಮ ಮಗಳಿಗೆ ಲಕ್ಷಣಗಳಿಲ್ಲದಿದ್ದರೆ ಈಗ ಯಾವ ಪರೀಕ್ಷೆಯೂ ಬೇಡ, ಲೂಪಸ್ ಶಂಕೆಯಿದ್ದಾಗ ಮಾಡುವ ಎಎನ್‌ಎ ಎಂಬ ರಕ್ತ ಪರೀಕ್ಷೆ ಕೂಡ ಬೇಡ. ಆರೋಗ್ಯವಂತರಲ್ಲೂ ಅದು ಪಾಸಿಟಿವ್ ಬಂದು ಮನೆಮಂದಿಯನ್ನು ಹೆದರಿಸುತ್ತದೆ. ಮುಂದೆಂದಾದರೂ ಬಿಡದ ಕೀಲುನೋವು, ಬಿಸಿಲಿಗೆ ಏಳುವ ಕೆಂಪು, ಕಾಲುಬಾವು ಕಂಡರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ತಂಗಿಯ ವಿಷಯದಲ್ಲಿ ಮೂತ್ರದ ಪ್ರೋಟೀನ್, ರಕ್ತದ ಕ್ರಿಯಾಟಿನಿನ್, ಕಾಯಿಲೆಯ ಚುರುಕು ತೋರುವ ಸಿ3, ಸಿ4 ಪ್ರೋಟೀನ್‌ಗಳ ಪರೀಕ್ಷೆ ತಪ್ಪದಿರಲಿ. ಮೈಕೋಫಿನೊಲೇಟ್ ನಡೆದಿರುವಾಗ ಗರ್ಭ ನಿಲ್ಲಬಾರದು. ಮದುವೆಯ ಮಾತು ಬಂದರೆ ಮೊದಲೇ ವೈದ್ಯರಿಗೆ ತಿಳಿಸಿ, ಮಾತ್ರೆ ಬದಲಿಸಲು ದಾರಿಯಿದೆ.

ಇಳಕಲ್ಲಿನ ಅಕ್ಕ

ರಾತ್ರಿ ಅವ್ವನಿಗೆ ಎಲ್ಲವನ್ನೂ ಓದಿ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಆಧಾರವಿಲ್ಲ ಎಂದರಲ್ಲ, ಅದನ್ನು ಇನ್ನೊಮ್ಮೆ ಓದು" ಎಂದಳು. ಓದಿದೆ. ತಂಗಿಯ ಮುಂದಿನ ತಪಾಸಣೆ ಸೋಮವಾರ. ಇಷ್ಟು ದಿನ ಆಸ್ಪತ್ರೆಗೆ ಬರಲೊಲ್ಲೆ ಎನ್ನುತ್ತಿದ್ದ ಅವ್ವ ಈ ಸಲ ತಾನೂ ಬೆಳಗಾವಿಗೆ ಬರುತ್ತಾಳಂತೆ.