ಕಂಬಳಿಯಿಲ್ಲದ ಹುಳುವನ್ನು ಕಂಬಳಿಹುಳು ಎನ್ನಬಹುದೇ?

ರಾಯಚೂರಿನ ನಮ್ಮ ಮನೆಯ ಹಿತ್ತಲಲ್ಲಿ ಕರಿಬೇವು, ನಿಂಬೆ ಮತ್ತು ಒಂದು ನುಗ್ಗೆಮರ ಇವೆ; ಕಂಪೌಂಡಿನ ಆಚೆ ಎಕ್ಕೆಗಿಡಗಳು ತಾವಾಗಿಯೇ ಬೆಳೆದುಕೊಂಡಿವೆ. ಮಳೆಗಾಲದಲ್ಲಿ ಇವುಗಳ ಮೇಲೆ ಕಾಣಿಸಿಕೊಳ್ಳುವ ಹುಳುಗಳನ್ನು ಗುರುತಿಸಿ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಪಟ್ಟಿ ಮಾಡಲು ಕುಳಿತಾಗ ತಲೆಬರಹದಲ್ಲಿಯೇ ತೊಡಕಾಯಿತು. ಇಂಗ್ಲಿಷಿನ ‘ಕ್ಯಾಟರ್‌ಪಿಲ್ಲರ್’ಗೆ ಪುಸ್ತಕಗಳಲ್ಲಿ ಸಾಮಾನ್ಯವಾಗಿ ‘ಕಂಬಳಿಹುಳು’ ಎಂದಿರುತ್ತದೆ. ನಾನೂ ಹಾಗೆಯೇ ಬರೆದು, ಕರಿಬೇವಿನ ಮೇಲಿದ್ದ ಹಸಿರು ಹುಳುವನ್ನು ನಮ್ಮ ಮನೆಗೆಲಸಕ್ಕೆ ಬರುವ ಹಿರಿಯಾಕೆಗೆ ತೋರಿಸಿದರೆ, ಆಕೆ ನಕ್ಕು, “ಇದು ಕಂಬ್ಳಿಹುಳ ಅಲ್ರಿ, ಮೈಮ್ಯಾಲ ಒಂದ್ ಕೂದ್ಲಿಲ್ಲ” ಎಂದರು.

ಅವರ ಮಾತು ಸರಿ. ನಮ್ಮ ಕಡೆಯ ಆಡುಮಾತಿನಲ್ಲಿ ಕಂಬಳಿಹುಳು ಎಂದರೆ ಮೈತುಂಬ ರೋಮವಿದ್ದು, ತಾಕಿದರೆ ತುರಿಕೆಯೆಬ್ಬಿಸುವ ಹುಳು ಮಾತ್ರ. ಹಗಲಲ್ಲಿ ನುಗ್ಗೆಯ ಕಾಂಡಕ್ಕೆ ಗುಂಪುಗುಂಪಾಗಿ ಅಂಟಿಕೊಂಡಿರುವ ಹುಳು ಇದಕ್ಕೆ ತಕ್ಕ ಉದಾಹರಣೆ. ಕರಿಬೇವು, ನಿಂಬೆಗಳ ಮೇಲಿನ ನಿಂಬೆಚಿಟ್ಟೆಯ ಹುಳುವಾದರೋ ಎಳೆಯದಿದ್ದಾಗ ಹಕ್ಕಿಯ ಹಿಕ್ಕೆಯಂತೆ ಕಂದು ಬಿಳಿ ಬಣ್ಣದ್ದಾಗಿದ್ದು, ಕೊನೆಯ ಬಾರಿ ಪೊರೆ ಕಳಚಿದ ಮೇಲೆ ನುಣುಪಾದ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಬಣ್ಣದ ಕೊಂಬನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆಯೇ ಹೊರತು ಕೈಗೆ ಯಾವ ತುರಿಕೆಯನ್ನೂ ಮಾಡುವುದಿಲ್ಲ. ಎಕ್ಕೆಯ ಮೇಲಿನ ಪಟ್ಟೆಪಟ್ಟೆ ಹುಳುವಿನ ಬೆನ್ನಿನ ಮೇಲೆ ಮೂರು ಜೊತೆ ಕಪ್ಪು ಎಳೆಗಳಿವೆ; ಅವು ಮೆತ್ತನೆಯ ಕೋಡುಗಳು, ರೋಮವಲ್ಲ. ಇಂಥವನ್ನೆಲ್ಲ ಕಂಬಳಿಹುಳುವಿನ ಪಟ್ಟಿಗೆ ಸೇರಿಸಿದರೆ ಮಕ್ಕಳು ಅಂಜಿ ಹಿಂದೆ ಸರಿಯುತ್ತಾರೆ, ಇಲ್ಲವೇ ಚಪ್ಪಲಿ ಎತ್ತುತ್ತಾರೆ.

ಕಂಬಳಿಯ ಹೋಲಿಕೆ ನಮ್ಮದೊಂದೇ ಅಲ್ಲ. ಜಿಲ್ಲೆಯ ಗಡಿಭಾಗದಲ್ಲಿ ಕೇಳಿಬರುವ ತೆಲುಗಿನ ‘ಗೊಂಗಳಿ ಪುರುಗು’ ಎಂಬುದರಲ್ಲಿ ಗೊಂಗಳಿ ಎಂದರೆ ಕಂಬಳಿಯೇ. ಪುರುಗು ನಮ್ಮ ಹಳಗನ್ನಡದ ‘ಪುೞು’ವಿನ ಬಳಗದ್ದು. ತಮಿಳಿನವರೂ ‘ಕಂಬಳಿಪ್ಪೂಚ್ಚಿ’ ಎನ್ನುತ್ತಾರೆ. ಇಂಗ್ಲಿಷ್ ಪದವೂ ಹಳೆಯ ಫ್ರೆಂಚಿನ ‘ರೋಮದ ಬೆಕ್ಕು’ ಎಂಬರ್ಥದ ಮಾತಿನಿಂದ ಬಂದದ್ದೆಂದು ನಿಘಂಟುಕಾರರು ಹೇಳುತ್ತಾರೆ. ಇಂಗ್ಲಿಷಿನಲ್ಲಿ ಬೆಕ್ಕು ಮರೆತುಹೋಗಿ ಪದವು ನುಣುಪು ಹುಳುಗಳಿಗೂ ಹಬ್ಬಿತು. ಕನ್ನಡದಲ್ಲಿ ಕಂಬಳಿ ಇನ್ನೂ ಹೆಗಲ ಮೇಲೆಯೇ ಇರುವುದರಿಂದ ಅರ್ಥ ಅಷ್ಟು ಸುಲಭವಾಗಿ ಹಿಗ್ಗುವುದಿಲ್ಲ ಎಂಬುದು ನನ್ನ ಅನಿಸಿಕೆ. ರೇಷ್ಮೆಹುಳುವೂ ಪತಂಗದ ಮರಿಯೇ ಆದರೂ ಅದನ್ನು ಕಂಬಳಿಹುಳು ಎಂದರೆ ಸಾಕಣೆದಾರರು ಒಪ್ಪುವರೇ? ಅವರಿಗೆ ಅದು ಬರಿಯ ‘ಹುಳು’. ಅದು ಪೊರೆ ಬಿಡುವುದು ‘ಜ್ವರ’, ಗೂಡು ಕಟ್ಟಲು ಸಿದ್ಧವಾಗುವುದು ‘ಹಣ್ಣಾಗುವುದು’.

ಉಳಿದ ಪದಗಳನ್ನೂ ತೂಗಿ ನೋಡಿದ್ದೇನೆ. ‘ಕೀಡಿ’ ಎಂಬುದು ಹೊಲದ ಮಾತು. ತೊಗರಿಗೆ ಕೀಡಿ ಬಿತ್ತು ಎನ್ನುವಾಗ ಅದರಲ್ಲಿ ನಷ್ಟದ ದನಿಯೇ ಹೆಚ್ಚು, ಆದ್ದರಿಂದ ಚಿಟ್ಟೆಯ ಮರಿಗೆ ಹೊಂದುವುದಿಲ್ಲ. ‘ಕಾಯಿಕೊರಕ’, ‘ಕಾಂಡಕೊರಕ’ಗಳು ಮಾಡುವ ಕೆಲಸದಿಂದ ಬಂದ ಹೆಸರುಗಳು. ಕೃಷಿ ಬರಹಗಳ ‘ಮರಿಹುಳು’ ನನಗೆ ಹಿಡಿಸಿದ ಪದವಾದರೂ ಅದು ದುಂಬಿಯ ಮರಿಗೂ ಸಲ್ಲುತ್ತದೆ. ಚಿಟ್ಟೆ ಪತಂಗಗಳ ಮರಿಗೆ ಎದೆಯ ಭಾಗದಲ್ಲಿ ಮೂರು ಜೊತೆ ಗೆಣ್ಣುಗಾಲುಗಳಲ್ಲದೆ ಹೊಟ್ಟೆಯ ಕೆಳಗೆ ಸಾಮಾನ್ಯವಾಗಿ ಎರಡರಿಂದ ಐದು ಜೊತೆ ಮೆತ್ತನೆಯ ಹುಸಿಗಾಲುಗಳಿರುತ್ತವೆ. ದುಂಬಿಯ ಮರಿಯಾದ, ಮಣ್ಣಿನಲ್ಲಿ ಸಿಗುವ ಗೊಣ್ಣೆಹುಳುವಿಗೆ ಈ ಹುಸಿಗಾಲುಗಳಿಲ್ಲ. ಗುರುತಿಸುವವನಿಗೆ ಮುಖ್ಯವಾದ ಈ ಭೇದ ‘ಮರಿಹುಳು’ ಎಂಬಲ್ಲಿ ಕಳೆದುಹೋಗುತ್ತದೆ. ‘ಎಲೆಹುಳು’ ಎನ್ನೋಣವೆಂದರೆ ಹತ್ತಿಯ ಕಾಯಿಯೊಳಗೆ ಕುಳಿತ ಗುಲಾಬಿ ಬಣ್ಣದ ಹುಳು ಹೊರಗುಳಿಯುತ್ತದೆ.

ಸದ್ಯಕ್ಕೆ ತಲೆಬರಹದಲ್ಲಿ ‘ಚಿಟ್ಟೆ ಪತಂಗಗಳ ಮರಿಹುಳುಗಳು’ ಎಂದು ಉದ್ದವಾಗಿ ಬರೆದು, ರೋಮವಿರುವವಕ್ಕೆ ಮಾತ್ರ ಕಂಬಳಿಹುಳು ಎಂಬ ಹೆಸರನ್ನು ಉಳಿಸಿಕೊಂಡಿದ್ದೇನೆ. ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಎರಡು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಊರುಗಳಲ್ಲಿ ರೋಮವಿಲ್ಲದ ಹುಳುವಿಗೆ ಮಾತ್ರ ಬಳಸುವ ಒಂದೇ ಪದ ರೂಢಿಯಲ್ಲಿದೆಯೇ? ಔಡಲದ ಎಲೆ ತಿನ್ನುತ್ತ ಬೆನ್ನನ್ನು ಕಮಾನಿನಂತೆ ಬಾಗಿಸಿ ನಡೆಯುವ ‘ಕೊಂಡ್ಲಿಹುಳು’ವಿನ ಮೊದಲ ಭಾಗಕ್ಕೂ ಆ ಬಾಗಿದ ನಡಿಗೆಗೂ ನಂಟಿದೆಯೇ?